ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳದಿದ್ದಾಗ: ವಿದ್ಯುತ್ ಕಾರುಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹಬ್ಬಕ್ಕೆಂದು ಊರಿಗೆ ಹೋಗಿ ವಾರ ಕಳೆದು ಬಂದಾಗ ಕಾರಿನ ಬಾಗಿಲು ಕೂಡ ತೆರೆಯಲಿಲ್ಲ. ನಿಲ್ಲಿಸಿ ಹೋಗುವಾಗ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು, ಊರಿನಿಂದ ಆಗಾಗ ಆ್ಯಪ್ ತೆರೆದು ನೋಡುತ್ತಲೂ ಇದ್ದೆ. ಸರ್ವಿಸ್ ಸೆಂಟರಿನವರು 12 ವೋಲ್ಟಿನ ಬ್ಯಾಟರಿ ಬದಲಾಯಿಸಿ ಹಣ ಪಡೆದರು. ಇಷ್ಟು ದೊಡ್ಡ ಬ್ಯಾಟರಿ ಇರುವಾಗ ಆ ಸಣ್ಣದು ಏಕೆ? – ಓದುಗರು, ಮೈಸೂರು

ಉತ್ತರ: ಕಾರಿನ ಅಡಿಯಲ್ಲಿರುವ ದೊಡ್ಡ ಬ್ಯಾಟರಿಯ ಒತ್ತಡ ನೂರಾರು ವೋಲ್ಟ್. ನಿಂತ ಕಾರಿನ ತಂತಿಗಳಲ್ಲಿ ಅಷ್ಟು ಒತ್ತಡ ಉಳಿಯಬಾರದೆಂದು ಅದನ್ನು ಕಾಂಟ್ಯಾಕ್ಟರ್ ಎಂಬ ಭಾರಿ ಸ್ವಿಚ್ಚುಗಳು ಪೂರ್ತಿಯಾಗಿ ಬೇರ್ಪಡಿಸಿಡುತ್ತವೆ. ಅವನ್ನು ಮತ್ತೆ ಜೋಡಿಸಲು ಬೇಕಾದ ವಿದ್ಯುತ್ತು, ಬಾಗಿಲಿನ ಬೀಗಕ್ಕೆ, ಒಳಗಿನ ಕಂಪ್ಯೂಟರುಗಳಿಗೆ, ಆ್ಯಪ್‌ನೊಡನೆ ಮಾತನಾಡುವ ಸಿಮ್ ಘಟಕಕ್ಕೆ ಬೇಕಾದ ವಿದ್ಯುತ್ತು ಎಲ್ಲವೂ ಬರುವುದು ಆ ಸಣ್ಣ ಬ್ಯಾಟರಿಯಿಂದಲೇ. ಅದು ಬರಿದಾದರೆ ಕೆಳಗೆ ಎಷ್ಟೇ ಚಾರ್ಜ್ ಇದ್ದರೂ ಕಾರಿಗೆ ಅದನ್ನು ಮುಟ್ಟಲಾಗುವುದಿಲ್ಲ.

ಕಾರು ಚಾಲನೆಯಲ್ಲಿರುವಾಗ, ಹೆಚ್ಚಿನ ವೋಲ್ಟೇಜನ್ನು ಇಳಿಸಿಕೊಡುವ ಡಿಸಿ-ಡಿಸಿ ಪರಿವರ್ತಕವು ದೊಡ್ಡ ಬ್ಯಾಟರಿಯಿಂದ ಸಣ್ಣದಕ್ಕೆ ವಿದ್ಯುತ್ತು ತುಂಬುತ್ತದೆ. ನಿಂತಿರುವಾಗ ತುಂಬುತ್ತದೆಯೇ, ಎಷ್ಟು ಹೊತ್ತಿಗೊಮ್ಮೆ ತುಂಬುತ್ತದೆ ಎಂಬುದನ್ನು ತೀರ್ಮಾನಿಸುವುದು ಸಾಫ್ಟ್‌ವೇರ್, ಮತ್ತು ಇದರಲ್ಲಿ ಒಂದು ಕಾರಿನಂತೆ ಇನ್ನೊಂದಿಲ್ಲ. ನೀವು ಆ್ಯಪ್ ತೆರೆದು ಹೊಸ ಮಾಹಿತಿ ಕೇಳಿದಾಗಲೆಲ್ಲ ಅನೇಕ ಕಾರುಗಳಲ್ಲಿ ನಿದ್ದೆಯಲ್ಲಿರುವ ಕಂಪ್ಯೂಟರುಗಳು ಎದ್ದು, ಉತ್ತರ ಕಳುಹಿಸಿ, ಮತ್ತೆ ಮಲಗಬೇಕಾಗುತ್ತದೆ. ಅವುಗಳಲ್ಲಿ ಒಂದು ಮಲಗುವುದನ್ನು ಮರೆತರೂ ಸಣ್ಣ ಬ್ಯಾಟರಿ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ.

ಆದ್ದರಿಂದ ಬ್ಯಾಟರಿಯನ್ನಷ್ಟೇ ಬದಲಾಯಿಸಿ ಕಳುಹಿಸಿದ್ದು ನನಗೆ ಸರಿಯೆನಿಸುವುದಿಲ್ಲ. ಕಾರಿಗೆ ಬೀಗ ಹಾಕಿ, ಅದು ನಿದ್ದೆಗೆ ಜಾರಿದ ಮೇಲೆ ಸಣ್ಣ ಬ್ಯಾಟರಿಯಿಂದ ಎಷ್ಟು ವಿದ್ಯುತ್ತು ಹೊರಹೋಗುತ್ತಿದೆ ಎಂದು ಅಳೆಯಲು ಹೇಳಿ. ಅದು ಮಿಲಿಆಂಪಿಯರ್ ಲೆಕ್ಕಕ್ಕೆ ಇಳಿಯದೆ ಆಂಪಿಯರ್ ಲೆಕ್ಕದಲ್ಲೇ ನಿಂತಿದ್ದರೆ ದೋಷ ಬೇರೆಲ್ಲೋ ಇದೆ, ಹೊಸ ಬ್ಯಾಟರಿಗೂ ಅದೇ ಗತಿ. ಪರಿವರ್ತಕವೇ ಕೆಟ್ಟಿರುವ ಸಾಧ್ಯತೆಯೂ ಉಂಟು: ಚಾರ್ಜಿಂಗನ್ನೂ ಸಣ್ಣ ಬ್ಯಾಟರಿಯನ್ನೂ ನೋಡಿಕೊಳ್ಳುವ ಐಸಿಸಿಯು ಎಂಬ ಘಟಕದ ದೋಷದಿಂದಾಗಿ 2024ರಲ್ಲಿ ಹ್ಯುಂಡೈ ಅಯಾನಿಕ್ 5 ಮತ್ತು ಕಿಯಾ ಇವಿ6 ಕಾರುಗಳನ್ನು ಭಾರತದಲ್ಲಿಯೂ ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಈಗಲೇ ಮಾಡಬಹುದಾದ ಕೆಲಸವೆಂದರೆ ರಿಮೋಟ್ ಕೀಲಿಯೊಳಗೆ ಅಡಗಿರುವ ಲೋಹದ ಕೀಲಿಯನ್ನು ಹುಡುಕಿ ಅದರಿಂದ ಬಾಗಿಲು ತೆರೆಯುತ್ತದೆಯೇ ಎಂದು ನೋಡುವುದು, ಮತ್ತು ಹೊರಗಿನಿಂದ 12 ವೋಲ್ಟ್ ಕೊಡುವ ಜಾಗ ಎಲ್ಲಿದೆಯೆಂದು ಕೈಪಿಡಿಯಲ್ಲಿ ಓದಿಕೊಳ್ಳುವುದು. ಊರಿಗೆ ಹೋದಾಗ ಆ್ಯಪ್ ತೆರೆಯದಿರುವುದೇ ಲೇಸು.

ಪ್ರಶ್ನೆ: ಚಾರ್ಜ್ ನಿಧಾನವಾಗಿ ಇಳಿಯುತ್ತ ಬಂದು, ಇಪ್ಪತ್ತರ ಆಸುಪಾಸಿನಲ್ಲಿ ಒಮ್ಮೆಲೇ ಒಂದಂಕಿಗೆ ಕುಸಿಯುತ್ತದೆ. ಬ್ಯಾಟರಿ ಹಾಳಾಗಬಾರದೆಂದು ನಾನು ಎಂದೂ ಶೇಕಡಾ 80 ದಾಟಿ ಚಾರ್ಜ್ ಮಾಡಿಲ್ಲ. – ಓದುಗರು, ದಾವಣಗೆರೆ

ಉತ್ತರ: ಪೆಟ್ರೋಲ್ ಟ್ಯಾಂಕಿನ ಮುಳ್ಳಿನಂತೆ ಚಾರ್ಜನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಒಳಹೋದ ಮತ್ತು ಹೊರಬಂದ ವಿದ್ಯುತ್ತಿನ ಲೆಕ್ಕವಿಟ್ಟು, ಬ್ಯಾಟರಿಯೊಳಗಿನ ಕೋಶಗಳ (ಸೆಲ್) ವೋಲ್ಟೇಜಿನೊಡನೆ ಹೋಲಿಸಿ, ಸಾಫ್ಟ್‌ವೇರ್ ಅದನ್ನು ಅಂದಾಜು ಮಾಡುತ್ತದೆ. ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳಲ್ಲಿರುವ, ಲಿಥಿಯಂ ಐರನ್ ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಕೋಶಗಳ ವೋಲ್ಟೇಜು ನಡುವಿನ ಬಹುಭಾಗದಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ, ಅಲ್ಲಿ ಲೆಕ್ಕ ತಪ್ಪಿದರೂ ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ. ತುಂಬುವ ತುದಿಯಲ್ಲೋ ಬರಿದಾಗುವ ತುದಿಯಲ್ಲೋ ಮಾತ್ರ ಅದು ತನ್ನ ತಪ್ಪನ್ನು ತಿದ್ದಿಕೊಳ್ಳಬಲ್ಲದು. ನೀವು ಮೇಲಿನ ತುದಿಗೆ ಹೋಗದ ಕಾರಣ ತಿದ್ದುಪಡಿ ಕೆಳಗಿನ ತುದಿಯಲ್ಲಿ, ಅದೂ ನೀವು ದಾರಿಯಲ್ಲಿರುವಾಗ ನಡೆಯುತ್ತಿರಬಹುದು.

ಎಂಬತ್ತಕ್ಕೆ ನಿಲ್ಲಿಸಬೇಕೆಂಬ ಸಲಹೆ ಮುಖ್ಯವಾಗಿ ನಿಕಲ್ ಆಧಾರಿತ ಬ್ಯಾಟರಿಗಳಿಗೆ ಸೇರಿದ್ದು. ನಿಮ್ಮದು ಯಾವ ಬಗೆಯದೆಂದು ಕೈಪಿಡಿಯಲ್ಲಿ ನೋಡಿ. ಎಲ್‌ಎಫ್‌ಪಿ ಆಗಿದ್ದರೆ, ಕೈಪಿಡಿ ಹೇಳುವಷ್ಟು ಸಲ, ಮನೆಯ ನಿಧಾನ ಚಾರ್ಜರಿನಲ್ಲಿ ಪೂರ್ತಿ ನೂರಕ್ಕೆ ತುಂಬಿಸಿ. ಆಮೇಲೂ ಕುಸಿತ ನಿಲ್ಲದಿದ್ದರೆ ಯಾವುದೋ ಕೋಶ ದುರ್ಬಲವಾಗಿದೆ ಎಂದು ಸಂಶಯಿಸಿ, ಕೋಶಗಳ ನಡುವಿನ ವೋಲ್ಟೇಜ್ ವ್ಯತ್ಯಾಸದ ವರದಿಯನ್ನು ಲಿಖಿತವಾಗಿ ಕೇಳಿ.

ಪ್ರಶ್ನೆ: ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಸೆನ್ಸರ್ ಮುಚ್ಚಿದೆ ಎಂಬ ಎಚ್ಚರಿಕೆ ಬರುತ್ತಲೇ ಇರುತ್ತದೆ. ಒಮ್ಮೆ ಎದುರಿಗೆ ಏನೂ ಇಲ್ಲದೆ ಕಾರು ತಾನಾಗಿ ಬ್ರೇಕ್ ಹಾಕಿತು. – ಓದುಗರು, ತೀರ್ಥಹಳ್ಳಿ

ಉತ್ತರ: ಇವು ಎರಡು ಬೇರೆ ಸಂಗತಿಗಳು. ಮುಂದಿನ ಗಾಜಿನ ಹಿಂದಿರುವ ಕ್ಯಾಮೆರಾಕ್ಕೂ ಬಂಪರಿನ ಬಳಿಯ ರಾಡಾರಿಗೂ ನೀರಿನ ಪದರ ಇಲ್ಲವೇ ಕೆಮ್ಮಣ್ಣು ಅಡ್ಡವಾದಾಗ, ತನಗೆ ಕಾಣಿಸುತ್ತಿಲ್ಲವೆಂದು ಕಾರು ಹೇಳುವುದು ಅದರ ಕರ್ತವ್ಯ. ಒರೆಸಿದ ಮೇಲೆ ಎಚ್ಚರಿಕೆ ಹೋದರೆ ಚಿಂತೆ ಬೇಡ.

ಕಾರಣವಿಲ್ಲದೆ ಬ್ರೇಕ್ ಬಿದ್ದದ್ದು ಮಾತ್ರ ಗಂಭೀರವಾದದ್ದು, ಏಕೆಂದರೆ ಹಿಂದೆ ಬಸ್ಸೊಂದು ಬರುತ್ತಿದ್ದರೆ ಏನಾಗಬಹುದಿತ್ತೆಂದು ಆ ತಿರುವುಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಬಂಪರಿಗೆ ಎಂದಾದರೂ ಪೆಟ್ಟು ಬಿದ್ದು ಪುಟ್ಟಿ ತುಂಬಿ ಬಣ್ಣ ಬಳಿಸಿದ್ದೀರಾ? ಪುಟ್ಟಿಯೂ ಲೋಹದ ಕಣಗಳಿರುವ ಬಣ್ಣವೂ ರಾಡಾರಿನ ಅಲೆಗಳನ್ನು ಕೆಡಿಸುತ್ತವೆ. ಮುಂದಿನ ಗಾಜು ಬದಲಾಗಿದ್ದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಹೊರಗಿನ ಗ್ಯಾರೇಜುಗಳಲ್ಲಿ ಈ ಕೆಲಸ ತಪ್ಪಿಹೋಗುವುದುಂಟು. ಎರಡೂ ಇಲ್ಲದಿದ್ದರೆ ಘಟನೆಯ ದಿನ, ಸಮಯ, ಸ್ಥಳ ಬರೆದುಕೊಟ್ಟು, ಕಾರಿನಲ್ಲಿ ದಾಖಲಾದ ದೋಷ ಸಂಕೇತಗಳನ್ನು ಓದಿಸಿ. ಪಥದ ಗೆರೆಗಳು ಅಳಿಸಿಹೋಗಿರುವ ಘಾಟಿಯಲ್ಲಿ ಪಥ ಕಾಯುವ ಸೌಲಭ್ಯವನ್ನು ಆಫ್ ಮಾಡಿಡುವುದನ್ನು ನಾನು ಸಮರ್ಥಿಸುತ್ತೇನೆ.

ಪ್ರಶ್ನೆ: ಕಂಪನಿ ಮುಂದೆಂದೋ ಆ್ಯಪ್ ನಿಲ್ಲಿಸಿದರೆ ಕಾರಿನ ಗತಿಯೇನು? – ಓದುಗರು, ಬೆಂಗಳೂರು

ಉತ್ತರ: ಹೀಗೆ ಆಗಿರುವುದುಂಟು. ಬ್ರಿಟನ್ನಿನಲ್ಲಿ 2ಜಿ ಜಾಲದ ಮುಕ್ತಾಯವನ್ನು ಕಾರಣವಾಗಿ ಕೊಟ್ಟು ನಿಸಾನ್ ಕಂಪನಿಯು ಹಳೆಯ ಲೀಫ್ ಕಾರುಗಳ ಆ್ಯಪ್ ಸೇವೆಯನ್ನು 2024ರಲ್ಲಿ ಕೊನೆಗೊಳಿಸಿತು. ಕಾರುಗಳು ಓಡುತ್ತಲೇ ಇದ್ದವು, ದೂರದಿಂದ ಎಸಿ ಹಾಕುವಂಥ ಅನುಕೂಲಗಳು ಹೋದವು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಫಿಸ್ಕರ್ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿದಾಗ, ಅದರ ಓಷನ್ ಕಾರಿನ ಮಾಲೀಕರು ಸಾಫ್ಟ್‌ವೇರ್ ತಿದ್ದುಪಡಿಗಳ ಮತ್ತು ಬಿಡಿಭಾಗಗಳ ಚಿಂತೆಯಲ್ಲಿ ತಾವೇ ಸಂಘ ಕಟ್ಟಿಕೊಳ್ಳಬೇಕಾಯಿತು.

ಕಾರು ಕೊಳ್ಳುವ ಮುನ್ನವೇ ಎರಡು ವಿಷಯ ವಿಚಾರಿಸಿ. ಆ್ಯಪ್ ಸೇವೆ ಎಷ್ಟು ವರ್ಷ ಉಚಿತ, ಆಮೇಲೆ ಶುಲ್ಕವೆಷ್ಟು? ಚಾರ್ಜಿಂಗ್ ಸಮಯ ಮತ್ತು ಮಿತಿಯನ್ನು ಕಾರಿನ ಪರದೆಯಿಂದಲೇ ಗೊತ್ತುಮಾಡಬಹುದೇ, ಇಲ್ಲವೇ ಆ್ಯಪ್ ಬೇಕೇ ಬೇಕೇ? ಬೀಗ, ಚಾರ್ಜಿಂಗ್, ಚಾಲನೆ ಈ ಮೂರೂ ಇಂಟರ್ನೆಟ್ ಇಲ್ಲದೆ ನಡೆಯದ ಕಾರನ್ನು ನಾನಂತೂ ಯಾರಿಗೂ ಶಿಫಾರಸು ಮಾಡಲಾರೆ.

ಪ್ರಶ್ನೆ: ಏನೇ ದೂರು ಹೇಳಿದರೂ ‘ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತದೆ’ ಎನ್ನುತ್ತಾರೆ. ಎಷ್ಟು ದಿನ ಕಾಯಬೇಕು? – ಓದುಗರು, ಹುಬ್ಬಳ್ಳಿ

ಉತ್ತರ: ಬಾಯಿಮಾತಿನ ಭರವಸೆಗೆ ಒಂದು ದಿನವೂ ಕಾಯಬೇಕಾಗಿಲ್ಲ. ಸಾಫ್ಟ್‌ವೇರಿನ ದೋಷವೂ ಮಾರಿದ ವಸ್ತುವಿನ ದೋಷವೇ. ಪ್ರತಿ ಭೇಟಿಯಲ್ಲೂ ದೂರನ್ನು ನಿಮ್ಮ ಮಾತುಗಳಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸಿ, ಅಂದಿನ ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆಯನ್ನೂ ಸೇರಿಸಿ, ಪ್ರತಿ ಪಡೆಯಿರಿ. ‘ದೋಷ ಕಂಡುಬಂದಿಲ್ಲ’ ಎಂದು ಬರೆದರೆ ಅದರ ಪ್ರತಿಯನ್ನೂ ಬಿಡಬೇಡಿ. ಪರದೆಯ ವಿಡಿಯೊ ತೆಗೆದಿಟ್ಟುಕೊಳ್ಳಿ.

ಬಳಿಕ ಕಂಪನಿಗೆ ಲಿಖಿತ ದೂರು, ಫಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಬ್ರೇಕು, ದಾರಿಯಲ್ಲಿ ಶಕ್ತಿ ಕಳೆದುಕೊಳ್ಳುವುದು ಮೊದಲಾದ ಸುರಕ್ಷತೆಯ ದೋಷಗಳಿಗೆ ಇನ್ನೊಂದು ದಾರಿಯಿದೆ: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಮಿನಡಿ ಕೇಂದ್ರ ಸರ್ಕಾರವು ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಕಂಪನಿಗೆ ಆದೇಶಿಸಬಹುದು, ಮಾಲೀಕರ ದೂರುಗಳೂ ಅದಕ್ಕೆ ಆಧಾರವಾಗುತ್ತವೆ. ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷಗಳ ಗಡುವಿರುವುದರಿಂದ, ಅಪ್‌ಡೇಟಿಗೆ ಕಾಯುತ್ತ ಆ ಅವಧಿಯನ್ನು ಕಳೆದುಕೊಳ್ಳಬೇಡಿ. ಮೊದಲ ಜಾಬ್ ಕಾರ್ಡಿನ ದಿನಾಂಕವನ್ನು ಇಂದೇ ನೋಡಿಕೊಳ್ಳಿ.