ಹುಷಾರಾಗಿರಬೇಕಾದವಳು ನಾನೊಬ್ಬಳೇನಾ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 33 ವರ್ಷ. ಇಬ್ಬರು ಮಕ್ಕಳಿದ್ದಾರೆ, ಇನ್ನೊಂದು ನಮ್ಮಿಬ್ಬರಿಗೂ ಬೇಡ. ಕಾಂಡೋಮ್ ಬಳಸಿ ಎಂದರೆ ಯಜಮಾನರು ಒಪ್ಪುವುದಿಲ್ಲ. ಹಾಗಾಗಿ ಪದೇ ಪದೇ ಎಮರ್ಜೆನ್ಸಿ ಮಾತ್ರೆ ನುಂಗುತ್ತಿದ್ದೇನೆ. ಹೋದ ತಿಂಗಳು ಮುಟ್ಟು ತಡವಾಯಿತು. "ನೀನು ಹುಷಾರಾಗಿರಬೇಕಿತ್ತು" ಎಂದು ರೇಗಿದರು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಈಗ ನಾನು ಆಪರೇಷನ್ ಮಾಡಿಸಿಕೊಳ್ಳಬೇಕಂತೆ. ನೀವೇ ಮಾಡಿಸಿಕೊಳ್ಳಿ ಎಂದರೆ, ಗಂಡಸರಿಗೆ ಶಕ್ತಿ ಹೋಗುತ್ತೆ ಅಂತಾರೆ. ಇದು ನಿಜವೇ?

ಉತ್ತರ: ಇಲ್ಲಮ್ಮ, ಖಂಡಿತ ನಿಜವಲ್ಲ. ನಿಮ್ಮ ಪತ್ರ ಓದಿ ನನಗೆ ಸಿಟ್ಟೇ ಬಂತು. ಈ ಮಾತು ಹೇಳುವ ಗಂಡಂದಿರು ನನ್ನ ಕೋಣೆಯ ಹೊರಗೆ ಫೋನ್ ನೋಡುತ್ತಾ ಕೂತಿರುತ್ತಾರೆ, ಒಳಗೆ ಬರುವವಳು ಹೆಂಡತಿ ಮಾತ್ರ. ಹಾಗಾಗಿ ಈ ಉತ್ತರವನ್ನು ನಿಮ್ಮ ಯಜಮಾನರಿಗೂ ಓದಲು ಕೊಡಿ.

ಹೆಂಗಸಿಗೆ ಗರ್ಭ ನಿಲ್ಲಬಹುದಾದ ದಿನಗಳು ಒಂದು ಋತುಚಕ್ರದಲ್ಲಿ ಸುಮಾರು 6 ಮಾತ್ರ. ಗಂಡಸಿಗೆ ಅಂಥ ಲೆಕ್ಕವೇ ಇಲ್ಲ, ದಿನವೂ ವೀರ್ಯಾಣು ತಯಾರಾಗುತ್ತಲೇ ಇರುತ್ತದೆ. ಹಾಗಿದ್ದೂ ಹುಷಾರಾಗಿರಬೇಕಾದವರು ನೀವೊಬ್ಬರೇ ಅನ್ನುವುದು ಯಾವ ನ್ಯಾಯ?

ಇನ್ನು ಶಕ್ತಿಯ ಮಾತು. ವ್ಯಾಸೆಕ್ಟಮಿಯಲ್ಲಿ, ಅಂದರೆ ಗಂಡಸರಿಗೆ ಮಕ್ಕಳಾಗದಂತೆ ಮಾಡುವ ಆಪರೇಷನ್‌ನಲ್ಲಿ, ವೀರ್ಯಾಣು ಸಾಗುವ ಎರಡು ಸಣ್ಣ ನಾಳಗಳನ್ನು ಮುಚ್ಚುತ್ತೇವೆ, ಅಷ್ಟೇ. ವೃಷಣವನ್ನು ಮುಟ್ಟುವುದಿಲ್ಲ. ಗಂಡಸಿನ ಹಾರ್ಮೋನು ಮೊದಲಿನಂತೆಯೇ ರಕ್ತಕ್ಕೆ ಸೇರುತ್ತದೆ. ಆಸೆ, ಉದ್ರೇಕ, ಸುಖ ಎಲ್ಲವೂ ಹಾಗೆಯೇ ಇರುತ್ತವೆ. ವೀರ್ಯವೂ ಬರುತ್ತದೆ, ಏಕೆಂದರೆ ಅದರಲ್ಲಿ ವೀರ್ಯಾಣುವಿನ ಪಾಲು ತೀರಾ ಕಡಿಮೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಸಬಹುದು. 1974ರಲ್ಲಿ ಚೀನಾದ ವೈದ್ಯರೊಬ್ಬರು ಬ್ಲೇಡ್ ಬಳಸದೆ ಮಾಡುವ ವಿಧಾನ ರೂಪಿಸಿದ ಮೇಲೆ ಹೊಲಿಗೆಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕೆಲವು ದಿನ ನೋವು, ಊತ ಇರಬಹುದು. ಅಪರೂಪಕ್ಕೆ ನೋವು ಜಾಸ್ತಿ ದಿನ ಉಳಿಯುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ನಿಮಗಾದರೆ ಹೊಟ್ಟೆಯೊಳಕ್ಕೇ ಹೋಗಬೇಕು, ಅಪಾಯ ಅದರಲ್ಲೇ ಜಾಸ್ತಿ. ಎರಡು ಹೆರಿಗೆಯನ್ನೂ ಇದೇ ದೇಹ ತಡೆದುಕೊಂಡಿದೆ, ಅಲ್ವಾ?

ಎಮರ್ಜೆನ್ಸಿ ಮಾತ್ರೆ ಹೆಸರೇ ಹೇಳುವಂತೆ ಆಪತ್ತಿಗೆ. 72 ಗಂಟೆಯೊಳಗೆ, ಆದಷ್ಟು ಬೇಗ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ಅದಾದ ಮೇಲಿನ ಮಿಲನಕ್ಕೆ ರಕ್ಷಣೆ ಕೊಡುವುದಿಲ್ಲ. ಪದೇ ಪದೇ ತೆಗೆದುಕೊಂಡರೆ ಮುಟ್ಟು ಏರುಪೇರಾಗುತ್ತದೆ. ಬಹುಶಃ ನಿಮಗೂ ಆಗಿದ್ದು ಅದೇ. ಇನ್ನೊಮ್ಮೆ ಒಂದು ವಾರಕ್ಕಿಂತ ತಡವಾದರೆ ಸುಮ್ನೆ ಕೂರದೆ ಪರೀಕ್ಷೆ ಮಾಡಿಕೊಳ್ಳಿ.

ನಿಮಗೇ ಇಷ್ಟವಿದ್ದರೆ ಕಾಪರ್-ಟಿ ಇದೆ, ಬೇಡ ಅನ್ನಿಸಿದಾಗ ತೆಗೆಸಬಹುದು. ಆದರೆ ಅವರ ರೇಗಾಟಕ್ಕೆ ಹೆದರಿ ಯಾವುದಕ್ಕೂ ಒಪ್ಪಬೇಡಿ. ಕಾಂಡೋಮ್ ಬೇಡ ಎಂದರೆ ಆ ದಿನ ಬೇಡ ಅನ್ನುವ ಹಕ್ಕು ನಿಮಗಿದೆ. ಬೇಡ ಅಂದ ಮೇಲೂ ಬಲವಂತ ಮಾಡುತ್ತಿದ್ದರೆ ದಯವಿಟ್ಟು ನನಗೆ ಮತ್ತೆ ಬರೆಯಿರಿ. ಆ ಪತ್ರವನ್ನು ಅಚ್ಚು ಹಾಕುವುದಿಲ್ಲ.

ಅವರು ಆಪರೇಷನ್‌ಗೆ ಒಪ್ಪಿದರೆ ಇದೊಂದು ನೆನಪಿರಲಿ. ವ್ಯಾಸೆಕ್ಟಮಿ ಆದ ತಕ್ಷಣ ಫಲ ಕೊಡುವುದಿಲ್ಲ. ಸುಮಾರು 3 ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂದು ಗೊತ್ತಾಗುವವರೆಗೂ ಅವರು ಕಾಂಡೋಮ್ ಬಳಸಲೇಬೇಕು.