ತಮ್ಮನ ಮೇಲಿನ ಗನ್ ಆರ್ಡರ್ (ಗನ್ ಇಟ್ಟುಕೊಳ್ಳುವಂತಿಲ್ಲ ಅಂತ ಕೋರ್ಟ್ ಕೊಡುವ ಆದೇಶ) ಮುಗಿಯುತ್ತಾ ಬಂತು, ವರ್ಷದಿಂದ ಸುಮ್ಮನಿದ್ದಾನೆ. ರಿನ್ಯೂ ಮಾಡಿಸಬೇಕಾ?

ಮಾಡಿಸಿ. "ಈಗ ಸುಮ್ಮನಿದ್ದಾನೆ, ಊರಲ್ಲಿ ಅಮ್ಮ ಬೇಡ ಅಂತಾರೆ" ಅಂತ ಬರೆದಿದ್ದೀರಲ್ಲ, ಅದೇ ಮಾತನ್ನು ನಮ್ಮ ಮನೆಯಲ್ಲೂ ಆಡಿದ್ದೆವು. ನಿಮ್ಮ ಹಾಗೇ ನಾನೂ ಅಕ್ಕ, ನಾನೂ ಕ್ಯಾಲಿಫೋರ್ನಿಯಾದಲ್ಲೇ ಇರುವುದು.

ನನ್ನ ತಮ್ಮನ ಕೆಲಸ ಹೋಯಿತು. ಆಮೇಲೆ ಮದುವೆ ಮುರಿಯಿತು, ಕುಡಿತ ಜಾಸ್ತಿಯಾಯಿತು. ಮನೆಯಲ್ಲಿ ಎರಡು ಪಿಸ್ತೂಲು ಇದ್ದವು. ಗ್ರೀನ್ ಕಾರ್ಡ್ ಇದ್ದವರು ಇಲ್ಲಿ ಅಂಗಡಿಗೆ ಹೋಗಿ ಗನ್ ಕೊಳ್ಳಬಹುದು ಅಂದರೆ ಅಪ್ಪ ನಂಬಲೇ ಇಲ್ಲ. ಒಂದು ರಾತ್ರಿ ತಮ್ಮ ನನಗೆ ಮೆಸೇಜ್ ಹಾಕಿದ. ಕೆಲಸದಿಂದ ತೆಗೆದ ಮ್ಯಾನೇಜರ್ ಮನೆ ಎಲ್ಲಿದೆ ಅಂತ ಗೊತ್ತು, ಅವನನ್ನು ಮುಗಿಸಿ ನಾನೂ ಹೋಗುತ್ತೇನೆ ಅಂತ. ನಾನು ಕೋರ್ಟಿಗೆ ಹೋಗಿ ಗನ್ ಆರ್ಡರ್ ಕೇಳಿದೆ.

ಈ ಕಾನೂನು ಯಾಕೆ ಬಂತು ಅಂತ ನಿಮ್ಮ ಅಮ್ಮನಿಗೂ ಹೇಳಿ. 2014ರಲ್ಲಿ ಇಲ್ಲೇ ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾ ಅನ್ನುವ ಊರಲ್ಲಿ ಒಬ್ಬ ಹುಡುಗ 6 ಜನರನ್ನು ಕೊಂದ. ಅದಕ್ಕೆ ಕೆಲವೇ ವಾರ ಮುಂಚೆ ಅವನ ಮನೆಯವರು ಗಾಬರಿಯಾಗಿದ್ದರು. ಶೆರಿಫ್ (ಇಲ್ಲಿನ ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಡೆಯವರು ಬಂದು ಬಾಗಿಲಲ್ಲೇ ಮಾತಾಡಿ ವಾಪಸ್ ಹೋದರು. ಹೆತ್ತವರಿಗೆ ಗೊತ್ತಿದ್ದರೂ ಏನೂ ಮಾಡಲು ದಾರಿ ಇರಲಿಲ್ಲ. ಆ ದಾರಿ ತೆರೆದಿದ್ದು ಈ ಕಾನೂನು, 2016ರಿಂದ ಜಾರಿಯಲ್ಲಿದೆ. ಮನೆಯವರೇ ಅರ್ಜಿ ಹಾಕಬಹುದು, ಫೀಸು ಇಲ್ಲ. ಈಗ ಜಡ್ಜ್ 1 ವರ್ಷದಿಂದ 5 ವರ್ಷದವರೆಗೆ ಕೊಡಬಹುದು. ನಮಗೆ ಒಂದೇ ವರ್ಷ ಕೊಟ್ಟರು. ಅಷ್ಟು ಸಾಕು ಅಂದುಕೊಂಡೆವು.

ಆ ವರ್ಷ ನಿಜವಾಗಿಯೂ ಸಮಾಧಾನವಾಗಿತ್ತು. ಪಿಸ್ತೂಲು ಪೊಲೀಸರ ಹತ್ತಿರ ಇದ್ದವು. ಹಬ್ಬಕ್ಕೆ ಮನೆಗೆ ಬಂದ, ಊಟ ಮಾಡಿದ, ನಗುತ್ತಿದ್ದ. ಆದರೆ ನಡುನಡುವೆ ಮಾತು ಬರುತ್ತಿತ್ತು. "ಆರ್ಡರ್ ಮುಗಿಯಲಿ, ಆಮೇಲೆ ತೋರಿಸ್ತೀನಿ" ಅನ್ನುತ್ತಿದ್ದ. ಕೌನ್ಸೆಲಿಂಗ್ ಬಿಟ್ಟುಬಿಟ್ಟಿದ್ದ. ರಾತ್ರಿ ಕುಡಿದು ಕಳಿಸಿದ ಮೆಸೇಜುಗಳನ್ನು ನಾನು ಓದಿ ಅಳಿಸಿಬಿಡುತ್ತಿದ್ದೆ. ಬೆಳಿಗ್ಗೆ ಅವನೇ "ಸಾರಿ ಅಕ್ಕ" ಅನ್ನುತ್ತಿದ್ದನಲ್ಲ, ಇಟ್ಟುಕೊಂಡು ಏನು ಮಾಡುವುದು ಅನ್ನಿಸುತ್ತಿತ್ತು. ಚಿಕ್ಕಪ್ಪನ ಮಗ ಅವನ ಜೊತೆ ರೂಮಿನಲ್ಲಿದ್ದ. ಅವನು ಏನಾದರೂ ಹೇಳಲು ಬಂದರೆ, "ಬಿಡೋ, ಬರೆದುಗಿರೆದು ಇಡಬೇಡ, ಅಮ್ಮನ ಕಿವಿಗೆ ಬಿದ್ದರೆ ಕಷ್ಟ" ಅಂತ ನಾನೇ ಬಾಯಿ ಮುಚ್ಚಿಸಿದೆ. ಅಮ್ಮ ಫೋನಿನಲ್ಲಿ ಒಂದೇ ಸಮ, "ಒಡಹುಟ್ಟಿದವನು ಕಣೇ, ಹೊಟ್ಟೆಗೆ ಹಾಕಿಕೋ" ಅನ್ನುತ್ತಿದ್ದರು. ಹೊಟ್ಟೆಗೆ ಹಾಕಿಕೊಳ್ಳುವುದು ಅಂದರೆ ಎಲ್ಲವನ್ನೂ ಅಳಿಸುವುದು ಅಂದುಕೊಂಡೆ.

ನಾನು ಮಾಡಿದ ತಪ್ಪು ಇದೇ. ರಿನ್ಯೂ ಅರ್ಜಿಯನ್ನು ಸಮಯಕ್ಕೆ ಸರಿಯಾಗಿಯೇ ಹಾಕಿದ್ದೆ. ಹಳೆಯ ಮೆಸೇಜುಗಳನ್ನೇ ಮತ್ತೆ ಪ್ರಿಂಟ್ ತೆಗೆದು ಲಗತ್ತಿಸಿದ್ದೆ. ಜಡ್ಜ್ ಅದನ್ನು ನೋಡಿ, "ಇದೆಲ್ಲ ನಾನು ಹೋದ ಸಲವೇ ನೋಡಿದ್ದೇನೆ. ಅಪಾಯ ಈಗಲೂ ಇದೆ ಅನ್ನುವುದಕ್ಕೆ ಏನಿದೆ?" ಅಂದರು. ಎಲ್ಲಾ ಇತ್ತು, ನನ್ನ ತಲೆಯಲ್ಲಿ. ಕಾಗದದ ಮೇಲೆ ಏನೂ ಇರಲಿಲ್ಲ. ತಮ್ಮ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದು ತಣ್ಣಗೆ ಉತ್ತರ ಕೊಟ್ಟ. ಮೊದಲ ಸಲ ಆರ್ಡರ್ ಕೊಡುವಾಗ ಎಷ್ಟು ಗಟ್ಟಿ ಸಾಕ್ಷಿ ಕೇಳುತ್ತಾರೋ, ರಿನ್ಯೂಗೂ ಅಷ್ಟೇ ಗಟ್ಟಿ ಸಾಕ್ಷಿ ಬೇಕು. ಅದನ್ನು ತೋರಿಸುವ ಹೊರೆ ಅರ್ಜಿ ಹಾಕಿದವರದ್ದು. ನಾನು ಅದನ್ನು ಲೈಸೆನ್ಸ್ ರಿನ್ಯೂ ಮಾಡಿಸುವ ಹಾಗೆ ಅಂದುಕೊಂಡಿದ್ದೆ. ಅರ್ಜಿ ವಜಾ ಆಯಿತು. ಅವನು ಫಾರಂ ತುಂಬಿ ಪಿಸ್ತೂಲು ಬಿಡಿಸಿಕೊಂಡ.

ಆಮೇಲಿನದ್ದನ್ನು ಜಾಸ್ತಿ ಬರೆಯಲು ಆಗಲ್ಲ. ಒಂದು ರಾತ್ರಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೂತ. ಚಿಕ್ಕಪ್ಪನ ಮಗ 911ಗೆ ಫೋನ್ ಮಾಡಿದ. ಪೊಲೀಸರು ಮಾತಾಡಿಸಿ ಮಾತಾಡಿಸಿ ಹೊರಗೆ ಕರೆದರು. ಆ ರಾತ್ರಿಯೇ ಜಡ್ಜಿಗೆ ಫೋನ್ ಮಾಡಿ 21 ದಿನದ ತುರ್ತು ಆರ್ಡರ್ ತೆಗೆದುಕೊಂಡರು. ಈ ಸಲ ಪೊಲೀಸರೇ ಮುಂದೆ ನಿಂತರು, 5 ವರ್ಷದ ಆರ್ಡರ್ ಸಿಕ್ಕಿತು. ತಮ್ಮ ಬದುಕಿದ್ದಾನೆ. ಆದರೆ ಚಿಕ್ಕಪ್ಪನ ಮಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನು ಮೊದಲೇ ಹೇಳಿದ್ದನಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಸುಮ್ಮನಿರುವವನಿಗೆ ಮತ್ತೆ ಶಿಕ್ಷೆ ಯಾಕೆ" ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಸರಿಯಿಲ್ಲ. ಇದು ಶಿಕ್ಷೆ ಅಲ್ಲ, ಇದು ಸಿವಿಲ್ ಆರ್ಡರ್. ಮುರಿದರೆ ಮಾತ್ರ ಅಪರಾಧ. ಅವನ ಕೆಲಸ, ಓಡಾಟ, ಮನೆ ಯಾವುದನ್ನೂ ಇದು ಮುಟ್ಟುವುದಿಲ್ಲ. ಗನ್ನು, ಗುಂಡು ಇಟ್ಟುಕೊಳ್ಳುವಂತಿಲ್ಲ, ಕೊಳ್ಳುವಂತಿಲ್ಲ, ಅಷ್ಟೇ. ನಿಜವಾಗಿಯೂ ಸರಿಹೋದರೆ ಆರ್ಡರ್ ತೆಗೆಯಿರಿ ಅಂತ ವರ್ಷಕ್ಕೊಮ್ಮೆ ಅವನೇ ಕೇಳಬಹುದು. ಗನ್ ಇಲ್ಲದ ಮನೆಯಲ್ಲಿ ಅವನು ಸುಮ್ಮನಿದ್ದ, ಗನ್ ಇದ್ದಾಗಲೂ ಹಾಗೇ ಇರುತ್ತಾನೆ ಅಂತ ಯಾರು ಹೇಳಿದರು? ಬೂದಿ ಮುಚ್ಚಿದ ಕೆಂಡ ಅದು. ಈ ದೇಶದಲ್ಲಿ ಗನ್ನಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮನ್ನು ತಾವೇ ಕೊಂದುಕೊಂಡವರು. ಆರ್ಡರ್ ಬೇಕಾಗಿರುವುದು ಮೊದಲು ಅವನಿಗೇ.

ರಿನ್ಯೂ ಅರ್ಜಿಯ ಫಾರಂ ಜಿವಿ-700. ಆರ್ಡರ್ ಮುಗಿಯುವ ಮುಂಚಿನ 3 ತಿಂಗಳೊಳಗೆ ಹಾಕಬೇಕು. ಆ 3 ತಿಂಗಳು ಶುರುವಾದ ತಕ್ಷಣ ಹಾಕಿ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಕಾಗದಗಳನ್ನು ನೀವೇ ಅವನ ಕೈಗೆ ಕೊಡುವಂತಿಲ್ಲ. ಶೆರಿಫ್ ಕಡೆಯವರು ದುಡ್ಡು ತೆಗೆದುಕೊಳ್ಳದೆ ಮುಟ್ಟಿಸುತ್ತಾರೆ. ಇವತ್ತಿನಿಂದಲೇ ಮೆಸೇಜು, ವಾಯ್ಸ್‌ಮೇಲ್, ತಾರೀಖು ಎಲ್ಲಾ ಎತ್ತಿಡಿ. ಹೊಸ ಬೆದರಿಕೆ, ಗುಂಡು ಕೊಳ್ಳಲು ನೋಡಿದ್ದು, ಕುಡಿದು ಕೇಸಾಗಿದ್ದು, ಏನಿದ್ದರೂ ಬರೆದಿಡಿ. ಕಂಡವರಿಂದ ಸಹಿ ಹಾಕಿದ ಹೇಳಿಕೆ ತೆಗೆದುಕೊಳ್ಳಿ. ನಿಮಗೆ ಮುಂದೆ ನಿಲ್ಲಲು ಮನಸ್ಸು ಬಾರದಿದ್ದರೆ ಪೊಲೀಸರನ್ನು ಕೇಳಿ, ಅವರೂ ಅರ್ಜಿ ಹಾಕಬಹುದು. ಅವನು ಸಾಯುವ ಮಾತಾಡಿದ ರಾತ್ರಿ ಹಿಯರಿಂಗ್ ತಾರೀಖು ನೋಡುತ್ತಾ ಕೂರಬೇಡಿ, ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್ ಮಾಡಿ. ಗನ್ ಕೈಯಲ್ಲಿದ್ದರೆ ಸೀದಾ 911.

ಅಮ್ಮನ ಹತ್ತಿರ ಅರ್ಜಿ ಹಾಕಿದ ಮೇಲೆ ಮಾತಾಡಿ, ಮೊದಲು ಬೇಡ.