ಮರುಪರೀಕ್ಷೆನಾ, ಮರುಪರಿಶೀಲನೆನಾ?

ಮರುಪರೀಕ್ಷೆ, ಮರುಪರಿಶೀಲನೆ ಎರಡೂ ಒಂದೇನಾ, ಮಾತಲ್ಲಿ ಏನನ್ನುತ್ತೇವೆ ಅಂತ ಕೇಳಿದ್ದೀರಿ. ಒಂದೇ ಅಲ್ಲ. ರಕ್ತವನ್ನು ಮತ್ತೆ ತೆಗೆದು ಹೊಸದಾಗಿ ಟೆಸ್ಟ್ ಮಾಡಿದರೆ ಮರುಪರೀಕ್ಷೆ. ಬಂದ ರಿಪೋರ್ಟನ್ನೇ ಇನ್ನೊಮ್ಮೆ ಓದಿ ತಪ್ಪು ಹುಡುಕಿದರೆ ಮರುಪರಿಶೀಲನೆ. ಉತ್ತರ ಪತ್ರಿಕೆಗೆ ಮತ್ತೆ ಅಂಕ ಹಾಕುವುದು ಮರುಮೌಲ್ಯಮಾಪನ.

ಮಾತಲ್ಲಿ ಇವು ಬರುವುದು ಕಡಿಮೆ. ಬೀಗ ಹಾಕಿದ ಮೇಲೆ ‘ಇನ್ನೊಂದ್ಸಲ ಎಳೆದು ನೋಡು’ ಅಂತೀವಿ ಅಲ್ವಾ? ಆ ‘ನೋಡು’ ಅನ್ನೋದರಲ್ಲೇ ಪರೀಕ್ಷೆ ಇದೆ: ತಟ್ಟಿ ನೋಡು, ಮೂಸಿ ನೋಡು, ರುಚಿ ನೋಡು, ತೂಗಿ ನೋಡು. ಮುಂದೆ ‘ಮತ್ತೆ’ ಸೇರಿಸಿದರೆ ಸಾಕು. ನನಗಂತೂ ಇದೇ ಜಾಸ್ತಿ ಇಷ್ಟ. ‘ಇನ್ನೊಮ್ಮೆ ಚೆಕ್ ಮಾಡು’ ಕೂಡ ತಪ್ಪಲ್ಲ. ‘ಪುನಃ ಮರುಪರೀಕ್ಷೆ’ ಅಂತ ಮಾತ್ರ ಸುಮ್ನೆ ಬರೆಯಬೇಡಿ. ಎರಡನೇ ಸಲದ ಪರೀಕ್ಷೆಗೆ ‘ಮರು’ ಒಂದೇ ಸಾಕು.